ಕೆಂಪು ದೀಪ ಆರುವುದಿಲ್ಲ, ಫಾಗ್ ಲ್ಯಾಂಪ್ ಉರಿಯುವುದಿಲ್ಲ: ಜೀಪಿನ ಟಾಗಲ್ ಸ್ವಿಚ್‌ನಲ್ಲಿ ತಪ್ಪು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಕಾಫಿ ತೋಟ. ತೋಟದ ಹಳೆಯ ಡೀಸೆಲ್ ಜೀಪಿಗೆ ಮಳೆಗಾಲಕ್ಕೆ ಮುಂಚೆ 55 ವಾಟ್‌ನ ಎರಡು ಫಾಗ್ ಲ್ಯಾಂಪ್ ಹಾಕಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಇರುವುದು ತುದಿಯಲ್ಲಿ ಕೆಂಪು ಎಲ್‌ಇಡಿ ಉರಿಯುವ ಮೂರು ಪಿನ್ನಿನ ಟಾಗಲ್ ಸ್ವಿಚ್. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು ನಡುವೆ 15 ಆಂಪಿಯರ್ ಫ್ಯೂಸ್ ಹಾಕಿದ್ದಾರೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ) ಇಲ್ಲ. ಮೊದಲ ದಿನ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಯಿತು. ಗ್ಯಾರೇಜಿನ ಹುಡುಗ ವೈರುಗಳನ್ನು ಅದಲು ಬದಲು ಮಾಡಿದ ಮೇಲೆ ಲ್ಯಾಂಪ್ ಉರಿಯಿತು. ಆದರೆ ಸ್ವಿಚ್ ಆಫ್ ಮಾಡಿದರೂ ಕೆಂಪು ದೀಪ ಆರುವುದಿಲ್ಲ. ಮಳೆ ಹಿಡಿದ ಮೇಲೆ ಫಾಗ್ ಲ್ಯಾಂಪ್ ಒಮ್ಮೆ ಉರಿದರೆ ಇನ್ನೊಮ್ಮೆ ಇಲ್ಲ. ಕೆಂಪು ದೀಪ ಮಾತ್ರ ಚೆನ್ನಾಗಿಯೇ ಇದೆ. ಎರಡು ಸಲ ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಸ್ವಿಚ್ ಬದಲಿಸಬೇಕೇ? 30 ಆಂಪಿಯರ್ ಫ್ಯೂಸ್ ಹಾಕಿದರೆ ತೊಂದರೆ ಇರುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಹಾಕಬಹುದೇ?

ಉತ್ತರ: 30 ಆಂಪಿಯರ್ ಫ್ಯೂಸ್ ಹಾಕಬೇಡಿ. ಉಳಿದದ್ದೆಲ್ಲ ನಿಧಾನವಾಗಿ ನೋಡಬಹುದು, ಇದೊಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. 55 ವಾಟ್‌ನ ಎರಡು ಲ್ಯಾಂಪ್ ಎಂದರೆ 110 ವಾಟ್. 12 ವೋಲ್ಟ್‌ಗೆ ಅದು 9 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು. ಅದಕ್ಕೆ 15 ಆಂಪಿಯರ್ ಫ್ಯೂಸ್ ಸರಿಯಾಗಿಯೇ ಇದೆ. ಸರಿಯಾದ ಫ್ಯೂಸ್ ಹೋಗುತ್ತಿದೆ ಎಂದರೆ ಎಲ್ಲೋ ಕರೆಂಟು ದಾರಿ ತಪ್ಪಿ ಹರಿಯುತ್ತಿದೆ. ಫ್ಯೂಸ್ ದೊಡ್ಡದು ಮಾಡಿದರೆ ಕರೆಂಟಿನ ದಾರಿಯೇನೂ ಸರಿಹೋಗುವುದಿಲ್ಲ. ಫ್ಯೂಸ್‌ಗಿಂತ ಮೊದಲು ವೈರೇ ಕಾದು ಕರಗುತ್ತದೆ. ಅದೂ ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ. ಜೀಪಿಗೆ ಬೆಂಕಿ ಬೀಳುವುದು ಹೀಗೆಯೇ.

ಇನ್ನು ನಿಮ್ಮ ಸ್ವಿಚ್. ನೀವು ಬರೆದದ್ದನ್ನು ಓದಿದರೆ ಅದು ಕೆಟ್ಟಿರುವ ಹಾಗೆ ಕಾಣುವುದಿಲ್ಲ. ನಾಲ್ಕು ತೊಂದರೆ ಹೇಳಿದ್ದೀರಿ, ನಾಲ್ಕೂ ಒಂದಕ್ಕೊಂದು ಅಂಟಿಕೊಂಡಿವೆ. ಅದು ಅರ್ಥವಾಗಬೇಕಾದರೆ ದೀಪವಿರುವ ಸ್ವಿಚ್‌ನ ಒಳಗೆ ಏನಿದೆ ಎಂದು ತಿಳಿದಿರಬೇಕು.

ಮನೆಯ ಮಾಮೂಲು ಸ್ವಿಚ್‌ಗೆ ಎರಡೇ ಪಿನ್: ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ನಿಮ್ಮದರಲ್ಲಿ ಮೂರನೆಯದು ಇರುವುದು ಕೆಂಪು ದೀಪಕ್ಕೋಸ್ಕರ. ಮೊದಲನೆಯದು ಪವರ್ ಪಿನ್, ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರ್ ಇಲ್ಲಿಗೆ ಸೇರಬೇಕು. ಎರಡನೆಯದು ಲೋಡ್ ಪಿನ್, ಹಲವು ಸ್ವಿಚ್‌ಗಳ ಮೇಲೆ ಇದನ್ನು ಎಸಿಸಿ ಎಂದು ಗುರುತು ಮಾಡಿರುತ್ತಾರೆ. ಲ್ಯಾಂಪಿಗೆ ಹೋಗುವ ವೈರ್ ಇಲ್ಲಿಂದ ಹೊರಡಬೇಕು. ಮೂರನೆಯದು ಅರ್ಥ್ ಪಿನ್, ಅಂದರೆ ಜೀಪಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಸೇರಬೇಕಾದದ್ದು. ಸಾಮಾನ್ಯವಾಗಿ ಇದು ಹಿತ್ತಾಳೆ ಬಣ್ಣದ್ದು, ಉಳಿದೆರಡು ಬೆಳ್ಳಿ ಬಣ್ಣದವು. ಸ್ವಿಚ್‌ನ ಕಡ್ಡಿ ಕೂಡಿಸುವುದು ಮೊದಲ ಎರಡು ಪಿನ್ನುಗಳನ್ನು ಮಾತ್ರ. ಕೆಂಪು ದೀಪ ಇರುವುದು ಲೋಡ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ.

ಈ ಕೊನೆಯ ವಾಕ್ಯ ನೆನಪಿದ್ದರೆ ಸಾಕು, ಮುಕ್ಕಾಲು ಪಾಲು ರಿಪೇರಿ ತಲೆಯಲ್ಲೇ ಆಗುತ್ತದೆ. ಕೆಂಪು ದೀಪಕ್ಕೆ ಗೊತ್ತಿರುವುದು ಒಂದೇ ವಿಷಯ: ಲೋಡ್ ಪಿನ್ನಿಗೆ ಕರೆಂಟು ಬಂದಿದೆಯೇ ಇಲ್ಲವೇ. ಅಲ್ಲಿಂದ ಬಂಪರ್‌ವರೆಗೆ ವೈರ್ ಸರಿ ಇದೆಯೇ, ಬಲ್ಬ್ ಇದೆಯೇ, ಬಲ್ಬಿನಿಂದ ಕರೆಂಟು ವಾಪಸು ಬ್ಯಾಟರಿಗೆ ಸೇರುತ್ತಿದೆಯೇ ಎಂಬುದೊಂದೂ ಅದಕ್ಕೆ ತಿಳಿಯದು. ಫಾಗ್ ಲ್ಯಾಂಪನ್ನೇ ಬಿಚ್ಚಿ ಶೆಡ್ಡಿನಲ್ಲಿಟ್ಟರೂ ಸ್ವಿಚ್‌ನ ದೀಪ ಉರಿಯುತ್ತಲೇ ಇರುತ್ತದೆ.

ಈಗ ಮೊದಲ ದಿನ ಫ್ಯೂಸ್ ಹೋದದ್ದನ್ನು ನೋಡಿ. ಸ್ವಿಚ್ ಹಾಕುವವರೆಗೆ ಏನೂ ಆಗಲಿಲ್ಲ, ಹಾಕಿದ ಕ್ಷಣಕ್ಕೆ ಹೋಯಿತು. ಬ್ಯಾಟರಿ ವೈರ್ ಪವರ್ ಪಿನ್ನಿನಲ್ಲೇ ಇತ್ತು, ಆದರೆ ಅರ್ಥ್ ವೈರನ್ನು ಲೋಡ್ ಪಿನ್ನಿಗೂ ಲ್ಯಾಂಪಿನ ವೈರನ್ನು ಅರ್ಥ್ ಪಿನ್ನಿಗೂ ಸಿಕ್ಕಿಸಿದ್ದರು ಎಂದೇ ನನಗನಿಸುವುದು. ಹಾಗಿದ್ದಾಗ ಸ್ವಿಚ್ ಹಾಕುವುದೆಂದರೆ ಬ್ಯಾಟರಿಯ ಪ್ಲಸ್ಸನ್ನು ನೇರವಾಗಿ ಬಾಡಿಗೆ ಮುಟ್ಟಿಸಿದ ಹಾಗೆ. ಫ್ಯೂಸ್ ತನ್ನ ಕೆಲಸ ಮಾಡಿತು. ಸ್ವಿಚ್‌ನ ಒಳಗಿನ ಸಂಪರ್ಕ ಆ ಒಂದು ಏಟಿಗೆ ಸ್ವಲ್ಪ ಕರಕಾಗಿರಬಹುದು. ಅದನ್ನು ಅಳೆದು ನೋಡುವ ಕ್ರಮವನ್ನು ಮುಂದೆ ಹೇಳುತ್ತೇನೆ.

ಹುಡುಗ ಅರ್ಥ್ ವೈರನ್ನು ಸರಿಯಾದ ಪಿನ್ನಿಗೆ ತಂದ, ಅಷ್ಟು ಒಳ್ಳೆಯದಾಯಿತು. ಆದರೆ ಉಳಿದೆರಡರಲ್ಲಿ ಅದಲು ಬದಲಾಗಿದೆ: ಬ್ಯಾಟರಿಯ ವೈರ್ ಲೋಡ್ ಪಿನ್ನಿಗೆ ಹೋಗಿದೆ, ಲ್ಯಾಂಪಿನ ವೈರ್ ಪವರ್ ಪಿನ್ನಿಗೆ ಬಂದಿದೆ. ಈ ಎರಡು ಪಿನ್ನುಗಳನ್ನು ಕೂಡಿಸಿ ಬಿಡಿಸುವುದಷ್ಟೇ ಕಡ್ಡಿಯ ಕೆಲಸವಾದ್ದರಿಂದ ಫಾಗ್ ಲ್ಯಾಂಪ್ ಸರಿಯಾಗಿಯೇ ಹತ್ತಿ ಆರುತ್ತದೆ. ಕೆಂಪು ದೀಪಕ್ಕೆ ಮಾತ್ರ ಬ್ಯಾಟರಿಯ ಕರೆಂಟು ಹಗಲೂ ರಾತ್ರಿ ನೇರ ಸಿಗುತ್ತಿದೆ. ಆ ಎರಡು ವೈರುಗಳನ್ನು ಒಂದರ ಜಾಗಕ್ಕೆ ಇನ್ನೊಂದು ಹಾಕಿ, ಆರುತ್ತದೆ. ವೈರ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚುವುದನ್ನು ಮರೆಯಬೇಡಿ.

ಪಿನ್ನಿನ ಬಣ್ಣವನ್ನಾಗಲೀ, ಯಾವುದು ನಡುವೆ ಇದೆ ಎಂಬುದನ್ನಾಗಲೀ ನಂಬಿ ವೈರ್ ಹಾಕಬೇಡಿ. ಒಂದೊಂದು ಕಂಪನಿಯದು ಒಂದೊಂದು ರೀತಿ ಇರುತ್ತದೆ, ಅಕ್ಷರಗಳು ಅಳಿಸಿಹೋಗಿರುತ್ತವೆ. ಸ್ವಿಚ್ ಬಿಚ್ಚಿ ಮೇಜಿನ ಮೇಲಿಟ್ಟು, ಮಲ್ಟಿಮೀಟರನ್ನು ಬೀಪ್ (ಕಂಟಿನ್ಯುಟಿ) ಸ್ಥಾನದಲ್ಲಿಟ್ಟು ನೋಡಿ. ಕಡ್ಡಿಯನ್ನು ಆನ್ ಮಾಡಿದಾಗ ಯಾವ ಎರಡು ಪಿನ್ನುಗಳ ನಡುವೆ ಬೀಪ್ ಬಂದು, ಆಫ್ ಮಾಡಿದಾಗ ನಿಲ್ಲುತ್ತದೋ ಅವು ಪವರ್ ಮತ್ತು ಲೋಡ್. ಉಳಿದದ್ದು ಅರ್ಥ್. ಬೀಪ್ ಬಂದಾಗ ಓಮ್ಸ್ ಕೂಡ ಓದಿ: ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವಷ್ಟೇ ಬರಬೇಕು. ಒಂದೆರಡು ಓಮ್ಸ್ ಹೆಚ್ಚು ತೋರಿಸಿದರೆ, ಅಥವಾ ಸ್ವಿಚ್‌ನ ಕಡ್ಡಿ ಅಲುಗಿಸಿದಾಗ ಅಂಕೆ ಕುಣಿದರೆ ಒಳಗೆ ಕರಕಾಗಿದೆ, ಸ್ವಿಚ್ ಬದಲಿಸಿ. ಆ ಎರಡರಲ್ಲಿ ಪವರ್ ಯಾವುದು ಲೋಡ್ ಯಾವುದು ಎಂದು ತಿಳಿಯಲು 9 ವೋಲ್ಟ್‌ನ ಚೌಕ ಬ್ಯಾಟರಿ ಸಾಕು. ಮೈನಸ್ಸನ್ನು ಅರ್ಥ್ ಪಿನ್ನಿಗೆ ಹಿಡಿದು ಪ್ಲಸ್ಸನ್ನು ಉಳಿದೆರಡಕ್ಕೆ ಒಂದೊಂದಾಗಿ ಮುಟ್ಟಿಸಿ. ಕಡ್ಡಿ ಆಫ್ ಇದ್ದಾಗಲೂ ದೀಪ ಉರಿದರೆ ಅದು ಲೋಡ್ ಪಿನ್, ಆನ್ ಮಾಡಿದಾಗ ಮಾತ್ರ ಉರಿದರೆ ಅದು ಪವರ್ ಪಿನ್. ಜೀಪಿನ ಬ್ಯಾಟರಿಯಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಕೈ ತಪ್ಪಿದರೆ ಕಿಡಿ ಹಾರುತ್ತದೆ. ಚಿಕ್ಕ ಬ್ಯಾಟರಿಯಲ್ಲಿ ತಪ್ಪಾದರೂ ನಷ್ಟವಿಲ್ಲ.

ಇನ್ನು ಮಳೆಗಾಲದ ತೊಂದರೆ. ಕೆಂಪು ದೀಪ ಉರಿದು ಫಾಗ್ ಲ್ಯಾಂಪ್ ಉರಿಯದಿದ್ದಾಗ ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ಬಗ್ಗಿ ನೋಡುವುದು ಬಂಪರಿನ ಬೋಲ್ಟನ್ನು. ಎರಡೂ ಲ್ಯಾಂಪ್ ಒಟ್ಟಿಗೆ ಕೈಕೊಡುತ್ತಿದ್ದರೆ ಬಲ್ಬುಗಳು ಕೆಟ್ಟಿರುವ ಸಂಭವ ಕಡಿಮೆ. ಎರಡಕ್ಕೂ ಸಮಾನವಾಗಿರುವ ಅರ್ಥ್ ಹೋಗಿರುವುದೇ ಹೆಚ್ಚು. ಲ್ಯಾಂಪಿನ ಕಪ್ಪು ವೈರನ್ನು ಹತ್ತಿರದಲ್ಲಿ ಸಿಕ್ಕಿದ ಯಾವುದೋ ಬೋಲ್ಟಿಗೆ ಸುತ್ತಿ ಬಿಗಿದಿರುತ್ತಾರೆ. ಅದರ ಅಡಿಯಲ್ಲಿ ಪೇಂಟ್ ಇರುತ್ತದೆ. ಹೊಸದರಲ್ಲಿ ಬೋಲ್ಟಿನ ಥ್ರೆಡ್ ಪೇಂಟನ್ನು ಕೆರೆದು ಹೇಗೋ ಸಂಪರ್ಕ ಆಗಿರುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಒದ್ದೆಯಾಗಿಯೇ ಇದ್ದರೆ ಅಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ತೋಟದ ಜೀಪಿಗಂತೂ ಇನ್ನೂ ಕಷ್ಟ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತು, ಸುಣ್ಣ, ಡ್ರಮ್ಮು ಎಲ್ಲ ಹೇರಿರುತ್ತೀರಿ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿಯೇ ಅದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸುವುದಿಲ್ಲ. ಗೊಬ್ಬರದ ಮೂಟೆಯಿಂದ ಉದುರುವ ಪೊಟ್ಯಾಷ್ ಕ್ಲೋರೈಡ್ ಉಪ್ಪು. ಅದು ತೇವ ಎಳೆದುಕೊಂಡು ತಾಮ್ರ, ಕಬ್ಬಿಣ ಎರಡನ್ನೂ ಹಾಳುಮಾಡುತ್ತದೆ. ತೋಟದ ಕೆಲಸಕ್ಕೆ ಓಡುವ ಗಾಡಿಗೆ ಪೇಟೆಯ ಕಾರಿಗೆ ಮಾಡುವ ಹಾಗೆ ವೈರಿಂಗ್ ಮಾಡಿದರೆ ಒಂದು ಮಳೆಗಾಲ ತಡೆಯುವುದೂ ಕಷ್ಟ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಅರ್ಥ್ ಪರೀಕ್ಷಿಸಲು ಬೀಪ್ ನಂಬಬೇಡಿ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಲ್ಯಾಂಪ್ ಕಳಚಿ ವೈರಿನ ತುದಿಯಲ್ಲಿ ವೋಲ್ಟೇಜ್ ನೋಡಿದರೆ 12 ತೋರಿಸುತ್ತದೆ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಗೊತ್ತಿರುತ್ತದೆ: ಪೈಪಿನಲ್ಲಿ ಕಸ ಕಟ್ಟಿದ್ದರೂ ಕೊನೆಯ ವಾಲ್ವ್ ಮುಚ್ಚಿದ್ದಾಗ ಮೀಟರಿನಲ್ಲಿ ಪ್ರೆಶರ್ ಪೂರ್ತಿ ಇರುತ್ತದೆ, ತೆರೆದ ಕೂಡಲೇ ಬಿದ್ದುಹೋಗುತ್ತದೆ. ಹಾಗಾಗಿ ಲ್ಯಾಂಪ್ ಜೋಡಿಸಿ, ಸ್ವಿಚ್ ಆನ್ ಮಾಡಿಯೇ ಅಳೆಯಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ, ಕೆಂಪು ಕಡ್ಡಿಯನ್ನು ಲ್ಯಾಂಪಿನಿಂದ ಹೊರಬರುವ ಕಪ್ಪು ವೈರಿನ ತುದಿಗೆ ಮುಟ್ಟಿಸಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಎರಡು ಮೂರು ವೋಲ್ಟ್ ಬಂದರೆ ಲ್ಯಾಂಪ್ ಮಂಕಾಗಿ ಉರಿಯುತ್ತಿರಬೇಕು. ಹತ್ತಿರ ಹತ್ತಿರ 12 ವೋಲ್ಟ್ ಬಂದು ಲ್ಯಾಂಪ್ ಆರಿದ್ದರೆ ಕರೆಂಟು ಬಲ್ಬಿನ ತನಕ ಬಂದು ವಾಪಸು ಹೋಗಲು ದಾರಿಯಿಲ್ಲದೆ ನಿಂತಿದೆ, ಅರ್ಥ್ ಹೋಗಿದೆ.

ಅದೇ ರೀತಿ ಇನ್ನೊಂದು ಬದಿಯನ್ನೂ ನೋಡಿ: ಬ್ಯಾಟರಿಯ ಪ್ಲಸ್‌ಗೂ ಲ್ಯಾಂಪಿನ ಪ್ಲಸ್ ವೈರಿಗೂ ನಡುವೆ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಫ್ಯೂಸ್ ಹೋಲ್ಡರ್, ಸ್ವಿಚ್‌ನ ಪಿನ್, ಫೈರ್‌ವಾಲ್ (ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡು) ತೂತಿನಲ್ಲಿ ವೈರ್ ದಾಟುವ ಜಾಗ, ಬಂಪರಿನ ಹತ್ತಿರದ ಜೋಡಣೆ, ಒಂದೊಂದೇ ಕಡೆ ಕಡ್ಡಿ ಸರಿಸುತ್ತಾ ಹೋಗಿ. ಎಲ್ಲಿ ಅಂಕೆ ಹಠಾತ್ತನೆ ಏರುತ್ತದೋ ತಪ್ಪು ಅಲ್ಲೇ ಇದೆ. ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ಮಾಂದಲಪಟ್ಟಿ ಬೆಟ್ಟದ ಕಡೆಯ ಕುಲುಕುವ ದಾರಿಯಲ್ಲಿ ಓಡುವ ಜೀಪುಗಳಲ್ಲಿ ತಗಡಿನ ಅಂಚು ವೈರಿನ ಪ್ಲಾಸ್ಟಿಕ್ಕನ್ನು ಹೇಗೆ ಕೊಯ್ಯುತ್ತದೆ ಎಂದು ಅಲ್ಲಿನ ಡ್ರೈವರುಗಳನ್ನು ಕೇಳಿದರೆ ಹೇಳುತ್ತಾರೆ.

ಅರ್ಥ್ ಸರಿಮಾಡುವುದು ದೊಡ್ಡ ಕೆಲಸವಲ್ಲ, ತಾಳ್ಮೆಯ ಕೆಲಸ. ಬಂಪರಿನ ಬೋಲ್ಟನ್ನು ಪೂರ್ತಿ ಬಿಟ್ಟುಬಿಡಿ. ಎರಡೂ ಲ್ಯಾಂಪಿನಿಂದ 2.5 ಚದರ ಮಿಲಿಮೀಟರ್ ವೈರ್ ಎಳೆದು ಚಾಸಿಗೆ ದಪ್ಪ ಅರ್ಥ್ ಕೇಬಲ್ ಬಿಗಿದ ಜಾಗಕ್ಕೋ, ಇನ್ನೂ ಒಳ್ಳೆಯದೆಂದರೆ ಬ್ಯಾಟರಿಯ ಮೈನಸ್‌ಗೋ ಸೇರಿಸಿ. ಚಾಸಿಗೆ ಹಾಕುವುದಾದರೆ ಲೋಹ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ವೈರಿನ ತುದಿಗೆ ಥಿಂಬಲ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ) ಒತ್ತಿಸಿ, ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ದಪ್ಪಗೆ ಬಳಿಯಿರಿ. ಕಿಲುಬು ಹಿಡಿದ ವೈರನ್ನು ಹೊಸ ಥಿಂಬಲ್‌ಗೆ ಹಾಕುವ ಮೊದಲು ಎಳೆಗಳು ಕೆಂಪಗೆ ಕಾಣುವ ತನಕ ಹಿಂದಕ್ಕೆ ಕತ್ತರಿಸಿ. ಹಸಿರು, ಕಪ್ಪು ಎಳೆಗಳ ಮೇಲೆ ಎಷ್ಟು ಒತ್ತಿದರೂ ಸಂಪರ್ಕ ನಿಲ್ಲುವುದಿಲ್ಲ. ವೈರಿಗೆ ವೈರ್ ಸೇರಿಸುವಲ್ಲಿ ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ನಮ್ಮ ಮಳೆಯಲ್ಲಿ ಅಂಟು ಬಿಟ್ಟು, ಟೇಪೇ ನೀರು ಹಿಡಿದಿಡುವ ಚೀಲವಾಗುತ್ತದೆ. ಒಳಗೆ ಅಂಟಿರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಕುಶಾಲನಗರದಲ್ಲಿಯೋ ಗೋಣಿಕೊಪ್ಪದಲ್ಲಿಯೋ ಆಟೋ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ.

ಈಗ ಬ್ಯಾಟರಿ. ಆರದೆ ಉರಿಯುವ ಕೆಂಪು ದೀಪವೇ ಬ್ಯಾಟರಿ ತಿಂದಿತು ಎಂದು ನಿಮಗೆ ಅನಿಸಿರಬಹುದು. ಲೆಕ್ಕ ಹಾಕಿ ನೋಡೋಣ. ಅಂಥ ಎಲ್‌ಇಡಿಗೆ ಸುಮಾರು 20 ಮಿಲಿ ಆಂಪಿಯರ್ ಬೇಕು. ರಾತ್ರಿ 12 ಗಂಟೆ ಉರಿದರೆ ಕಾಲು ಆಂಪಿಯರ್ ಅವರ್ ಕೂಡ ಆಗುವುದಿಲ್ಲ. ಡೀಸೆಲ್ ಜೀಪಿನ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ; ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ಮಾತ್ರ ಗೊತ್ತಾಗುತ್ತದೆ. ಒಂದೇ ರಾತ್ರಿಗೆ ಬ್ಯಾಟರಿ ಇಳಿಯಬೇಕಾದರೆ ದೊಡ್ಡದೇನೋ ಉರಿದಿರಬೇಕು. ನನಗೆ ಅನುಮಾನ ಇರುವುದು ಫಾಗ್ ಲ್ಯಾಂಪಿನ ಮೇಲೆಯೇ. ಸಂಜೆ ಮಂಜಿನಲ್ಲಿ ಸ್ವಿಚ್ ಹಾಕಿರುತ್ತೀರಿ, ಅರ್ಥ್ ಇಲ್ಲದೆ ಲ್ಯಾಂಪ್ ಉರಿದಿರುವುದಿಲ್ಲ. ಕೆಂಪು ದೀಪ ಹೇಗೂ ಯಾವಾಗಲೂ ಉರಿಯುವುದರಿಂದ ಸ್ವಿಚ್ ಆನ್‌ನಲ್ಲಿದೆ ಎಂದು ಗೊತ್ತಾಗದೆ ಗಾಡಿ ನಿಲ್ಲಿಸಿ ಮನೆಗೆ ಹೋಗಿರುತ್ತೀರಿ. ವೈರ್ ನೇರ ಬ್ಯಾಟರಿಯಿಂದ ಬಂದಿರುವ ಕಾರಣ ಕೀ ತೆಗೆದರೂ ಕರೆಂಟು ನಿಲ್ಲುವುದಿಲ್ಲ. ಇಂಜಿನ್ ತಣ್ಣಗಾಗಿ, ಲೋಹ ಸ್ವಲ್ಪ ಜರುಗಿ, ರಾತ್ರಿ ಯಾವಾಗಲೋ ಆ ಸಂಪರ್ಕ ತಾನಾಗಿ ಕೂಡಿಕೊಂಡರೆ 9 ಆಂಪಿಯರ್ ಕರೆಂಟು ಬೆಳಗಿನವರೆಗೆ ಹರಿಯುತ್ತದೆ. ಯಾವ ಬ್ಯಾಟರಿಯೂ ಅದಕ್ಕೆ ತಡೆಯುವುದಿಲ್ಲ.

ಇದಕ್ಕಾಗಿಯೇ ರಿಲೇ ಹಾಕಿಸಿ ಎಂದು ಒತ್ತಾಯ ಮಾಡುತ್ತಿದ್ದೇನೆ. ಸ್ವಿಚ್ ಮೇಲೆ 20 ಆಂಪಿಯರ್ ಎಂದು ಬರೆದಿರಬಹುದು, ಆದರೆ ತಣ್ಣಗಿನ ಹ್ಯಾಲೊಜನ್ ಬಲ್ಬ್ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಪ್ರತಿ ಸಲವೂ ಸ್ವಿಚ್‌ನ ಸಂಪರ್ಕ ಸ್ವಲ್ಪ ಸ್ವಲ್ಪ ಸುಡುತ್ತದೆ. ರಿಲೇ ಇದ್ದರೆ ಆ ಭಾರ ಅದರ ಮೇಲೆ ಬೀಳುತ್ತದೆ, ಸ್ವಿಚ್ ಮೂಲಕ ಹೋಗುವುದು ರಿಲೇ ಒಳಗಿನ ಕಾಯಿಲ್‌ಗೆ (ತಂತಿ ಸುರುಳಿಗೆ) ಬೇಕಾದ ಸುಮಾರು 0.15 ಆಂಪಿಯರ್ ಮಾತ್ರ. ಸಾಮಾನ್ಯ 30 ಅಥವಾ 40 ಆಂಪಿಯರ್‌ನ 12 ವೋಲ್ಟ್ ರಿಲೇ ಸಾಕು. ಅದರ 30ನೇ ಪಿನ್ನಿಗೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರ್ ವೈರ್. ಫ್ಯೂಸ್ ಬ್ಯಾಟರಿಗೆ ಒಂದು ಗೇಣು ದೂರದೊಳಗೆ ಇರಬೇಕು. 87ನೇ ಪಿನ್ನಿನಿಂದ ಲ್ಯಾಂಪುಗಳಿಗೆ. 85 ಅರ್ಥ್‌ಗೆ. 86ಕ್ಕೆ ನಿಮ್ಮ ಸ್ವಿಚ್‌ನ ಲೋಡ್ ಪಿನ್. ಸ್ವಿಚ್‌ನ ಪವರ್ ಪಿನ್ನಿಗೆ ಬ್ಯಾಟರಿಯ ಬದಲು ಪಾರ್ಕಿಂಗ್ ಲೈಟಿನ ವೈರಿನಿಂದ, 2 ಅಥವಾ 3 ಆಂಪಿಯರ್‌ನ ಸಣ್ಣ ಫ್ಯೂಸ್ ಇಟ್ಟು ಕರೆಂಟು ಕೊಡಿ. ಪಾರ್ಕಿಂಗ್ ಲೈಟ್ ಆರಿಸಿದರೆ ಫಾಗ್ ಲ್ಯಾಂಪೂ ಆರುತ್ತದೆ, ಕೆಂಪು ದೀಪವೂ ಆರುತ್ತದೆ. ಮರೆತು ಹೋಗುವ ಪ್ರಶ್ನೆಯೇ ಇರುವುದಿಲ್ಲ.

ರಿಲೇ ಹಾಕುವಾಗ ಎರಡು ಎಚ್ಚರಿಕೆ. ಕೆಲವರು 86ಕ್ಕೆ ನೇರ ಪ್ಲಸ್ ಕೊಟ್ಟು, ಸ್ವಿಚ್ ಮೂಲಕ 85ನ್ನು ಅರ್ಥ್ ಮಾಡುತ್ತಾರೆ. ಎರಡು ಪಿನ್ನಿನ ಸ್ವಿಚ್‌ಗೆ ಅದು ನಡೆಯುತ್ತದೆ. ನಿಮ್ಮದರಲ್ಲಿ ಹಾಗೆ ಮಾಡಿದರೆ ಕೆಂಪು ದೀಪ ತಿರುವುಮುರುವಾಗುತ್ತದೆ: ಆಫ್ ಇದ್ದಾಗ ಕಾಯಿಲ್ ಮೂಲಕ ಬಂದ ಕರೆಂಟಿನಲ್ಲಿ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ. ಯಾರಾದರೂ ಇಂಥ ತೊಂದರೆ ಹೇಳಿಕೊಂಡು ಬಂದರೆ ಸ್ವಿಚ್ ಬಿಚ್ಚುವ ಮೊದಲೇ ಕಾರಣ ಹೇಳಿಬಿಡಬಹುದು. ಎರಡನೆಯದು, ರಿಲೇ ಆಫ್ ಆಗುವಾಗ ಕಾಯಿಲ್‌ನಿಂದ ಒಂದು ಕ್ಷಣ ಬಹಳ ಹೆಚ್ಚಿನ ವೋಲ್ಟೇಜ್ ಉಲ್ಟಾ ದಿಕ್ಕಿನಲ್ಲಿ ಹೊಮ್ಮುತ್ತದೆ. ಕೆಂಪು ಎಲ್‌ಇಡಿ ಅದೇ ವೈರಿನಲ್ಲಿರುವುದರಿಂದ ಏಟು ಅದಕ್ಕೆ ಬೀಳುತ್ತದೆ, ಕೆಲವು ತಿಂಗಳಲ್ಲಿ ಸುಮ್ಮನೆ ಸತ್ತುಹೋಗುತ್ತದೆ. ಒಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಅಥವಾ ರೆಸಿಸ್ಟರ್ ಇರುವ ರಿಲೇ ಕೇಳಿ ತೆಗೆದುಕೊಳ್ಳಿ. ಸಿಗದಿದ್ದರೆ 1ಎನ್4007 ಎಂಬ ಡಯೋಡನ್ನು, ಬಿಳಿ ಗೆರೆಯ ತುದಿ 86ರ ಕಡೆಗೆ ಬರುವಂತೆ, 85 ಮತ್ತು 86ರ ನಡುವೆ ಬೆಸುಗೆ ಹಾಕಿಸಿ. ತಿರುವಿ ಹಾಕಿದರೆ ಸ್ವಿಚ್ ಹಾಕಿದಾಗ ಆ ಸಣ್ಣ ಫ್ಯೂಸ್ ಹೋಗುತ್ತದೆ, ಆಗ ದಿಕ್ಕು ಬದಲಿಸಿ ಹೊಸ ಡಯೋಡ್ ಹಾಕಬೇಕು.

ಮುಂದೆ ಇದೇ ಸಾಲಿನಲ್ಲಿ ಇನ್ನೊಂದು ಸ್ವಿಚ್ ಹಾಕಿಸುವ ಯೋಚನೆ ಇದ್ದರೆ ಪ್ರತಿಯೊಂದರ ಅರ್ಥ್ ಪಿನ್ನಿಗೂ ಬಿಗಿಯಾದ ಸಂಪರ್ಕ ಇರಲಿ. ಸಣ್ಣ ಬಲ್ಬ್ ಇರುವ ಹಳೆಯ ಮಾದರಿಯ ಸ್ವಿಚ್‌ಗಳಲ್ಲಿ ಎಲ್ಲಕ್ಕೂ ಸೇರಿದ ಒಂದೇ ಅರ್ಥ್ ವೈರ್ ಕಡಿದರೆ ಒಂದನ್ನು ಹಾಕಿದಾಗ ಪಕ್ಕದ್ದೂ ಮಂಕಾಗಿ ಉರಿಯುತ್ತದೆ, ಜನ ಸ್ವಿಚ್ ಕೆಟ್ಟಿತೆಂದು ಎರಡನ್ನೂ ಎಸೆಯುತ್ತಾರೆ. ಆ ಇನ್ನೊಂದು ಸ್ವಿಚ್ ಆನೆ ನೋಡಲು ಉದ್ದದ ಎಲ್‌ಇಡಿ ಬಾರ್‌ಗೆ ಎಂದಾದರೆ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ ನೋಂದಣಿ ಅಧಿಕಾರಿಯ ಅನುಮತಿ ಇಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿನ ಡ್ರೈವರ್‌ಗೆ ಒಂದು ಕ್ಷಣ ಕಣ್ಣು ಕತ್ತಲೆಯಾದರೂ ಜೀವಕ್ಕೆ ಅಪಾಯ. ಫಾಗ್ ಲ್ಯಾಂಪನ್ನು ಕೂಡ ಬಂಪರಿನಲ್ಲಿ ಕೆಳಗೆ ಕೂರಿಸಿ, ಬೆಳಕು ರಸ್ತೆಗೆ ಬೀಳುವಂತೆ ಬಗ್ಗಿಸಿ. ಎತ್ತಿ ಇಟ್ಟರೆ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ.

ಎಲ್ಲ ಸರಿಮಾಡಿದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಹೀಗೆ ನೋಡಿ. ಕೀ ತೆಗೆದು, ಎಲ್ಲ ಲೈಟ್ ಆರಿಸಿ, ಬ್ಯಾಟರಿಯ ಮೈನಸ್ ಕೇಬಲ್ ಕಳಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಕಿಂಡಿಯಲ್ಲಿಟ್ಟು ಅಳೆಯಿರಿ. ಮೀಟರ್ ಹಾಗಿರುವಾಗ ಸ್ಟಾರ್ಟ್ ಮಾಡಬಾರದು, ಹೆಡ್‌ಲೈಟ್, ಫಾಗ್ ಲ್ಯಾಂಪ್ ಹಾಕಬಾರದು, ಮೀಟರ್ ಸುಟ್ಟುಹೋಗುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಡೀಸೆಲ್ ಜೀಪಿನಲ್ಲಿ ಅಂಕೆ ಸೊನ್ನೆಯ ಹತ್ತಿರ ಇರಬೇಕು. 50 ಮಿಲಿ ಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ, ಯಾವುದನ್ನು ತೆಗೆದಾಗ ಅಂಕೆ ಇಳಿಯುತ್ತದೋ ಆ ಲೈನಿನಲ್ಲಿ ಹುಡುಕಿ. ಎಲ್ಲ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ, ತುದಿ ಎಲ್ಲಿಯೂ ಮುಟ್ಟದಂತೆ ಟೇಪ್ ಸುತ್ತಿಟ್ಟು ಇನ್ನೊಮ್ಮೆ ಅಳೆಯಿರಿ. ಆಗ ಸೊನ್ನೆಗೆ ಬಂದರೆ ಅದರ ಒಳಗಿನ ಡಯೋಡ್ ಸೋರುತ್ತಿದೆ, ಆಲ್ಟರ್ನೇಟರನ್ನು ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ.